ಕಂಬಿಯ ಮೇಲೆ ಗಂಟು, ಗಂಟಿನ ಮೇಲೆ ಕಂಬಿ: ಟುನೀಷಿಯನ್ ಕ್ರೋಶಾದ ಜೇನುಗೂಡು ಹೆಣಿಗೆ

(ಮಹಿಳಾ ವೇದಿಕೆಯ ಕರಕುಶಲ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ಒಂದೇ ಒಂದು ಹೆಣಿಗೆಯ ಬಗ್ಗೆ ಮಾತಾಡುತ್ತೇನೆ. ಕೈಯಲ್ಲಿ ಕಡ್ಡಿ ಇದ್ದವರು ಮಾಡುತ್ತಾ ಕೇಳಿ. ಇಲ್ಲದವರು ಸುಮ್ಮನೆ ಕೇಳಿಸಿಕೊಂಡರೂ ಸಾಕು, ಮನೆಗೆ ಹೋದಮೇಲೆ ಕೈಗೆ ತಾನೇ ನೆನಪಾಗುತ್ತದೆ.

ನಮ್ಮ ವೇದಿಕೆಯಲ್ಲಿ ಹೆಣೆಯುವವರು ಎರಡು ಗುಂಪು. ಒಂದು, ಎರಡು ಕಡ್ಡಿ ಹಿಡಿದು ಸ್ವೆಟರ್, ಕುಲಾವಿ, ಕಾಲುಚೀಲ ಹಾಕಿ ಮಕ್ಕಳು ಮೊಮ್ಮಕ್ಕಳನ್ನು ಬೆಚ್ಚಗಿಟ್ಟ ಹಿರಿಯರು. ಇನ್ನೊಂದು, ಕೊಕ್ಕೆ ಇರುವ ಒಂದೇ ಕ್ರೋಶಾ ಕಡ್ಡಿಯಲ್ಲಿ ಬ್ಯಾಗು, ಬೊಂಬೆ, ಟೀಪಾಯಿಯ ಹೊದಿಕೆ ಮಾಡುವ ನನ್ನ ವಯಸ್ಸಿನವರು. ಟುನೀಷಿಯನ್ ಕ್ರೋಶಾ ಈ ಎರಡರ ನಡುವಿನ ವಿದ್ಯೆ. ಕಡ್ಡಿ ಒಂದೇ, ತುದಿಯಲ್ಲಿ ಕೊಕ್ಕೆ ಇದೆ, ಆದ್ದರಿಂದ ಕ್ರೋಶಾ. ಆದರೆ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಕಡ್ಡಿಯ ಮೇಲೆ ಕೂರುತ್ತವೆ, ಆದ್ದರಿಂದ ಸ್ವೆಟರ್ ಹಾಕಿದ ಹಾಗೆಯೂ ಕಾಣುತ್ತದೆ. ಎರಡೂ ಗುಂಪಿನವರು ಒಟ್ಟಿಗೆ ಕೂತು ಕಲಿಯಬಹುದಾದ ಕೆಲಸ ಇದು ಎಂದೇ ಇದನ್ನು ಆರಿಸಿಕೊಂಡೆ.

ಹೆಸರಿನಲ್ಲಿ ಟುನೀಷಿಯಾ ದೇಶ ಇದ್ದರೂ, ಇದು ಜನಪ್ರಿಯವಾದದ್ದು 19ನೇ ಶತಮಾನದ ಯುರೋಪಿನಲ್ಲಿ. ಆಗಿನ ಹೆಂಗಸರ ಪತ್ರಿಕೆಗಳು, ಕೈಪಿಡಿಗಳು ಇದನ್ನು ‘ತ್ರಿಕೋ’ ಎಂದು ಕರೆಯುತ್ತಿದ್ದವು. ಅಮೆರಿಕದಲ್ಲಿ ‘ಅಫ್ಘಾನ್’ ಹೆಣಿಗೆ ಎಂಬ ಹೆಸರು ಬಿತ್ತು. ಹೆಸರು ಯಾವುದೇ ಇರಲಿ, ಕೆಲಸ ಒಂದೇ.

ಏನೇನು ಬೇಕು

ಉದ್ದನೆಯ ಕ್ರೋಶಾ ಕಡ್ಡಿ ಬೇಕು. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಕುಣಿಕೆಗಳು ಜಾರದ ಹಾಗೆ ಗುಂಡಿಯಂಥ ತಡೆ. ಕಂಬಳಿಯಂಥ ಅಗಲದ ಕೆಲಸಕ್ಕೆ ಕಡ್ಡಿಯ ಹಿಂದೆ ಪ್ಲಾಸ್ಟಿಕ್ ತಂತಿ ಜೋಡಿಸಿದ್ದು ಸಿಗುತ್ತದೆ. ನೀಲಗಿರಿಯಲ್ಲಿ ತಯಾರಾಗುವ ಪೋನಿ, ನಮ್ಮ ದೇಶದ್ದೇ ಆದ ನಿಟ್‌ಪ್ರೊ, ಎರಡೂ ಇಂಥ ಕಡ್ಡಿ ಮಾಡುತ್ತವೆ. ಕಲಿಯುವುದಕ್ಕಾಗಿ ಹೊಸದು ಕೊಳ್ಳಬೇಕಾಗಿಲ್ಲ. ಹಿಡಿಯುವ ಜಾಗದಲ್ಲಿ ದಪ್ಪ ರಬ್ಬರ್ ಹಿಡಿ ಇಲ್ಲದ, ಉದ್ದಕ್ಕೂ ಒಂದೇ ದಪ್ಪದ ಮಾಮೂಲಿ ಕ್ರೋಶಾ ಕಡ್ಡಿ ಮನೆಯಲ್ಲಿದ್ದರೆ ಅದರ ಹಿಂದಿನ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಇಪ್ಪತ್ತು ಇಪ್ಪತ್ತೆರಡು ಕುಣಿಕೆ ಅದರ ಮೇಲೆ ಆರಾಮವಾಗಿ ಕೂರುತ್ತವೆ.

ದಾರದ ಚೀಟಿಯಲ್ಲಿ ಯಾವ ಅಳತೆಯ ಕಡ್ಡಿ ಎಂದು ಬರೆದಿರುತ್ತದೆ. ಅದಕ್ಕಿಂತ ಒಂದೂವರೆ ಎರಡು ಮಿಲಿಮೀಟರ್ ದಪ್ಪದ್ದನ್ನು ಹಿಡಿಯಿರಿ. ಚೀಟಿಯಲ್ಲಿ 4 ಮಿ.ಮೀ. ಎಂದಿದ್ದರೆ 6 ಮಿ.ಮೀ. ಕಡ್ಡಿ. ಟುನೀಷಿಯನ್ ಹೆಣಿಗೆ ಸಹಜವಾಗಿಯೇ ದಪ್ಪ, ಬಿಗಿ. ಸಣ್ಣ ಕಡ್ಡಿಯಲ್ಲಿ ಮಾಡಿದರೆ ಕಾಲೊರಸಿನಂತೆ ಗಡುಸಾಗುತ್ತದೆ. ದಾರ ತಿಳಿ ಬಣ್ಣದ್ದಿರಲಿ, ನಯವಾಗಿರಲಿ. ಕಪ್ಪು ಬಣ್ಣದಲ್ಲೂ ನವಿರು ಜುಂಗು ಎದ್ದ ಉಲ್ಲನ್‌ನಲ್ಲೂ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೆ ಕಲಿಯಲಾಗುವುದಿಲ್ಲ. ತುಳಶಿಬಾಗ್‌ನಲ್ಲೋ ರವಿವಾರ ಪೇಟೆಯಲ್ಲೋ ಅಂಗಡಿಗೆ ಹೋದಾಗ ದಾರ ಹಿಡಿದು ನೋಡಿ ಕೊಳ್ಳಿ. ಫೋನಿನ ಪರದೆಯಲ್ಲಿ ಎಲ್ಲ ದಾರವೂ ಮೆತ್ತಗೇ ಕಾಣುತ್ತದೆ.

ಹೋಗುವ ಸಾಲು, ಬರುವ ಸಾಲು

ಟುನೀಷಿಯನ್ ಹೆಣಿಗೆಯ ಪ್ರತಿ ಸಾಲಿಗೂ ಎರಡು ಭಾಗ. ಬಲಗೈಯವರು ಬಲದಿಂದ ಎಡಕ್ಕೆ ಹೋಗುತ್ತಾ ಕುಣಿಕೆಗಳನ್ನು ಎತ್ತಿ ಕಡ್ಡಿಯ ಮೇಲೆ ಕೂರಿಸುತ್ತಾರೆ, ಅದು ಹೋಗುವ ಸಾಲು. ಎಡದಿಂದ ಬಲಕ್ಕೆ ಬರುತ್ತಾ ಅವನ್ನು ಒಂದೊಂದಾಗಿ ಮುಗಿಸುತ್ತಾರೆ, ಅದು ಬರುವ ಸಾಲು. ಬಟ್ಟೆಯನ್ನು ಎಂದೂ ತಿರುಗಿಸುವುದಿಲ್ಲ. ಮುಂಭಾಗ ಯಾವಾಗಲೂ ನಿಮ್ಮ ಕಡೆಗೇ ಇರುತ್ತದೆ.

ಬಳೆ ನೆನಪಿಸಿಕೊಳ್ಳಿ. ಮುಂಗೈಗೆ ಒಂದಾದ ಮೇಲೆ ಒಂದು ಬಳೆ ಏರಿಸುತ್ತೀರಿ. ತೆಗೆಯುವಾಗ ಕೊನೆಗೆ ಏರಿಸಿದ್ದು ಮೊದಲು ಬರುತ್ತದೆ, ಮೊದಲು ಏರಿಸಿದ್ದು ಕೊನೆಗೆ. ಕಂಪ್ಯೂಟರ್ ಓದಿದವರು ಇದನ್ನು ಸ್ಟ್ಯಾಕ್ ಎನ್ನುತ್ತೇವೆ. ಈ ಕಡ್ಡಿಯ ಮೇಲಿನ ಕುಣಿಕೆಗಳದ್ದೂ ಅದೇ ನಡೆ.

ಅಭ್ಯಾಸಕ್ಕೆ 22 ಚೈನ್ ಹಾಕಿ. ಕೊಕ್ಕೆಯ ಪಕ್ಕದ ಮೊದಲ ಚೈನ್ ಬಿಟ್ಟು, ಎರಡನೆಯದರಿಂದ ಶುರು ಮಾಡಿ ಪ್ರತಿ ಚೈನ್‌ನಲ್ಲೂ ಕೊಕ್ಕೆ ತೂರಿಸಿ, ದಾರ ಹಿಡಿದು, ಕುಣಿಕೆ ಎಳೆದು ಕಡ್ಡಿಯ ಮೇಲೇ ಬಿಡಿ. ಕೊನೆ ಮುಟ್ಟಿದಾಗ ಕಡ್ಡಿಯ ಮೇಲೆ 22 ಕುಣಿಕೆ ಇರಬೇಕು. ಈಗ ಬರುವ ಸಾಲು. ದಾರ ಹಿಡಿದು ಮೊದಲು ಒಂದೇ ಕುಣಿಕೆಯ ಮೂಲಕ ಎಳೆಯಿರಿ. ಆಮೇಲೆ ಪ್ರತಿ ಸಲವೂ ದಾರ ಹಿಡಿದು ಎರಡು ಕುಣಿಕೆಯ ಮೂಲಕ ಎಳೆಯುತ್ತಾ ಬನ್ನಿ, ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುವ ತನಕ. ಆ ಮೊದಲ ‘ಒಂದೇ ಕುಣಿಕೆ’ಯನ್ನು ಮರೆತರೆ ಎಡಗಡೆಯ ಅಂಚು ಸಾಲುಸಾಲಿಗೂ ಒಳಕ್ಕೆ ಸೇದಿಕೊಳ್ಳುತ್ತದೆ.

ಬಟ್ಟೆಯನ್ನು ಓದುವುದು

ಇಲ್ಲಿ ಎರಡು ನಿಮಿಷ ನಿಲ್ಲೋಣ. ಕಡ್ಡಿ ಕೆಳಗಿಟ್ಟು ನೀವು ಹೆಣೆದದ್ದನ್ನು ನೋಡಿ. ಕಿಟಕಿಯ ಕಂಬಿಗಳ ಹಾಗೆ ನೆಟ್ಟಗೆ ನಿಂತ ಎಳೆಗಳು ಕಾಣುತ್ತವೆ. ಪ್ರತಿ ಹೆಣಿಗೆಗೂ ಒಂದು ಮುಂದಿನ ಕಂಬಿ ಇದೆ. ಬೆರಳಿನಿಂದ ಬಾಗಿಸಿ ನೋಡಿದರೆ ಅದರ ಬೆನ್ನಿಗೆ ಇನ್ನೊಂದು ಹಿಂದಿನ ಕಂಬಿ ಇದೆ. ಮೇಲುಗಡೆ ಅಡ್ಡಡ್ಡ ಮಲಗಿರುವುದು ಬರುವ ಸಾಲಿನಲ್ಲಿ ಹುಟ್ಟಿದ ಚೈನ್. ಒಂದು ಕಂಬಿಗೂ ಇನ್ನೊಂದಕ್ಕೂ ನಡುವೆ ಸಂದು ಇದೆ.

ಟುನೀಷಿಯನ್ ಕ್ರೋಶಾದ ಬಹುಪಾಲು ವಿನ್ಯಾಸಗಳು ಹುಟ್ಟುವುದು ಕೊಕ್ಕೆ ಎಲ್ಲಿ ಒಳಹೋಗುತ್ತದೆ ಎಂಬುದರಿಂದ. ಮುಂದಿನ ಕಂಬಿಯ ಅಡಿಯಲ್ಲಿ ತೂರಿಸಿದರೆ ಸಾದಾ ಹೆಣಿಗೆ. ಮುಂದಿನ ಮತ್ತು ಹಿಂದಿನ ಕಂಬಿಗಳ ನಡುವೆ, ಚೈನ್‌ನ ಕೆಳಗೆ, ಮುಂದಿನಿಂದ ಹಿಂದಕ್ಕೆ ಪೂರಾ ತೂರಿಸಿದರೆ ಸ್ವೆಟರಿನ ಸೀದಾ ಹೆಣಿಗೆಯಂತೆ ಕಾಣುತ್ತದೆ. ಹಿಂದಿನ ಕಂಬಿಯನ್ನು ಬೆನ್ನಿನ ಕಡೆಯಿಂದ ಹಿಡಿದರೆ ಚೈನ್ ಮುಂದಕ್ಕೆ ಉಬ್ಬಿ ಏಣು ಬರುತ್ತದೆ. ಸಂದಿನಲ್ಲಿ ತೂರಿಸಿದರೆ ಇನ್ನೊಂದು ಬಗೆ. ದಾರ ಅದೇ, ಕಡ್ಡಿ ಅದೇ, ಬರುವ ಸಾಲೂ ಅದೇ. ಬದಲಾಗುವುದು ಕೊಕ್ಕೆ ಹೊಗುವ ಜಾಗ ಮತ್ತು ದಾರ ಹಿಂದಿದೆಯೋ ಮುಂದಿದೆಯೋ ಎಂಬುದು.

ಇದು ಕಣ್ಣಿಗೆ ಕಂಡ ಮೇಲೆ ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡುವ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಯಾರೋ ಮಾಡಿದ ಶಾಲು ನೋಡಿದರೆ, ಇವರು ಇಲ್ಲಿ ಕೊಕ್ಕೆ ಹಾಕಿದ್ದಾರೆ ಎಂದು ನೀವೇ ಹೇಳಬಲ್ಲಿರಿ.

ಜೇನುಗೂಡು

ಈಗ ಇವತ್ತಿನ ಹೆಣಿಗೆ. ಇಂಗ್ಲಿಷಿನಲ್ಲಿ ಹನಿಕೂಂಬ್ ಎನ್ನುತ್ತಾರೆ, ನಾವು ಜೇನುಗೂಡು ಎನ್ನೋಣ. ಇದಕ್ಕೆ ಬೇಕಾದದ್ದು ಎರಡೇ, ಸಾದಾ ಮತ್ತು ಉಲ್ಟಾ.

ಸಾದಾ ಆಗಲೇ ಹೇಳಿದೆ. ದಾರ ಬಟ್ಟೆಯ ಹಿಂದೆ, ಕೊಕ್ಕೆ ಮುಂದಿನ ಕಂಬಿಯ ಅಡಿಗೆ, ದಾರ ಹಿಡಿದು ಎಳೆ. ಉಲ್ಟಾ ಮಾಡುವಾಗ ಮೊದಲು ದಾರವನ್ನು ಬಟ್ಟೆಯ ಮುಂದಕ್ಕೆ ತನ್ನಿ. ಕೊಕ್ಕೆಯನ್ನು ಅದೇ ಮುಂದಿನ ಕಂಬಿಯ ಅಡಿಗೆ ಹಾಕಿ. ಈಗ ದಾರವನ್ನು ಕೊಕ್ಕೆಯ ಕೆಳಗಿನಿಂದ ಹಿಂದಕ್ಕೆ ಕಳಿಸಿ, ಹಿಡಿದು, ಕುಣಿಕೆ ಎಳೆಯಿರಿ. ಮುಂದೆ ಬಂದು ಹೋದ ದಾರ ಕಂಬಿಯ ಎದುರು ಅಡ್ಡಲಾಗಿ ಉಳಿದು ಚಿಕ್ಕ ಗಂಟಿನಂತೆ ಕಾಣುತ್ತದೆ. ಸ್ವೆಟರ್ ಹಾಕಿದವರಿಗೆ ಈ ಗಂಟು ಹಳೆಯ ಪರಿಚಯ.

ನಮ್ಮ 22ರಲ್ಲಿ ಎರಡು ಅಂಚುಗಳು ಒಂದೊಂದು, ನಡುವೆ 20. ಬಲ ಅಂಚಿನ ಕುಣಿಕೆ ಆಗಲೇ ಕಡ್ಡಿಯ ಮೇಲಿರುತ್ತದೆ, ಆದ್ದರಿಂದ ಅದರ ಕೆಳಗಿನ ಮೊದಲ ಕಂಬಿಯನ್ನು ಬಿಟ್ಟು ಮುಂದಿನದರಿಂದ ಶುರು ಮಾಡಿ. 

ಮೊದಲ ಸಾಲು: ಒಂದು ಸಾದಾ, ಒಂದು ಉಲ್ಟಾ, ಹೀಗೆ ಹತ್ತು ಜೋಡಿ, ಕೊನೆಗೆ ಅಂಚು. ಎಂದಿನಂತೆ ಬರುವ ಸಾಲು. 

ಎರಡನೇ ಸಾಲು: ಒಂದು ಉಲ್ಟಾ, ಒಂದು ಸಾದಾ, ಹತ್ತು ಜೋಡಿ, ಅಂಚು. ಎಂದಿನಂತೆ ಬರುವ ಸಾಲು. 

ಈ ಎರಡನ್ನೇ ಮತ್ತೆ ಮತ್ತೆ ಮಾಡುತ್ತಾ ಹೋಗಿ. ನಾಲ್ಕನೇ ಸಾಲಿನ ಹೊತ್ತಿಗೆ ಜೇನುಗೂಡಿನ ಕಣ್ಣುಗಳು ಏಳುತ್ತವೆ. ರಂಗೋಲಿಯಲ್ಲಿ ಸಂದುಚುಕ್ಕಿ ಇಡುತ್ತೇವಲ್ಲ, ಮೇಲಿನ ಸಾಲಿನ ಚುಕ್ಕಿ ಕೆಳಗಿನ ಎರಡು ಚುಕ್ಕಿಗಳ ನಡುವೆ ಬರುವ ಹಾಗೆ, ಗಂಟುಗಳೂ ಹಾಗೇ ಕೂರುತ್ತವೆ.

ಸಾಲಿನ ಲೆಕ್ಕ ಮರೆತರೂ ಚಿಂತೆಯಿಲ್ಲ. ನೆನಪಿಡಬೇಕಾದದ್ದು ಒಂದೇ ಮಾತು: ಕಂಬಿಯ ಮೇಲೆ ಗಂಟು, ಗಂಟಿನ ಮೇಲೆ ಕಂಬಿ. ಕೆಳಗೆ ಬರೀ ಕಂಬಿ ಕಂಡರೆ ಉಲ್ಟಾ ಮಾಡಿ, ಗಂಟು ಕಂಡರೆ ಸಾದಾ ಮಾಡಿ. ಗಂಟು ಇರುವ ಕಡೆ ಕಂಬಿ ಸ್ವಲ್ಪ ಅಡಗಿರುತ್ತದೆ. ಹೆಬ್ಬೆರಳಿನಿಂದ ಗಂಟನ್ನು ಕೆಳಕ್ಕೆ ಒತ್ತಿದರೆ ಅದರ ಮೇಲೆ ಕಾಣಿಸಿಕೊಳ್ಳುತ್ತದೆ.

ಸಾಕಷ್ಟು ಉದ್ದವಾದ ಮೇಲೆ ಮುಗಿಸುವುದು ಹೀಗೆ: ಕೊನೆಯ ಸಾಲಿನಲ್ಲೂ ವಿನ್ಯಾಸದಂತೆ ಕೊಕ್ಕೆ ತೂರಿಸಿ, ಆದರೆ ಎಳೆದ ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯ ಮೂಲಕವೂ ಆಗಲೇ ಎಳೆದುಬಿಡಿ. ಹೀಗೆ ಮಾಡಿದರೆ ಮೇಲಿನ ಅಂಚು ಕೆಳಗಿನ ಅಂಚಿಗೆ ಸರಿಜೋಡಿಯಾಗುತ್ತದೆ.

ಎಲ್ಲರಿಗೂ ಬರುವ ತೊಂದರೆಗಳು

ಮೊದಲನೆಯದು, ಎಡಗಡೆಯ ಅಂಚು ಸಡಿಲವಾಗುವುದು. ಕೊನೆಯ ಹೆಣಿಗೆಯಲ್ಲಿ ಮುಂದಿನ ಕಂಬಿಯ ಜೊತೆ ಅದರ ಬೆನ್ನಿನ ಎಳೆಯನ್ನೂ ಸೇರಿಸಿ ಹಿಡಿಯಿರಿ. ಆಗ ಎಡ ಅಂಚೂ ಜಡೆ ಹೆಣೆದಂತೆ ಬಲ ಅಂಚಿಗೆ ಸಮನಾಗಿ ನಿಲ್ಲುತ್ತದೆ.

ಎರಡನೆಯದು, ಬಟ್ಟೆ ಸುರುಳಿ ಸುತ್ತುವುದು. ಸಾದಾ ಹೆಣಿಗೆಯನ್ನೇ ಸಾಲು ಸಾಲು ಮಾಡಿದರೆ ಕೆಳ ಅಂಚು ಚಾಪೆಯಂತೆ ಮಡಚಿಕೊಳ್ಳುತ್ತದೆ. ಎಲ್ಲ ಹೆಣಿಗೆಯ ಎಳೆತವೂ ಒಂದೇ ಕಡೆಗಿರುವುದೇ ಕಾರಣ. ಜೇನುಗೂಡಿನಲ್ಲಿ ಉಲ್ಟಾ ಅರ್ಧದಷ್ಟು ಇರುವುದರಿಂದ ಎಳೆತ ಎರಡೂ ಕಡೆಗೆ ಹಂಚಿಹೋಗಿ ಬಟ್ಟೆ ಬಹುಮಟ್ಟಿಗೆ ಸಪಾಟಾಗಿ ಮಲಗುತ್ತದೆ. ಹೊಸಬರಿಗೆ ನಾನು ಇದನ್ನೇ ಮೊದಲು ಹೇಳಿಕೊಡುವುದಕ್ಕೆ ಇದೂ ಒಂದು ಕಾರಣ. ಬರುವ ಸಾಲನ್ನು ಕೈ ಸಡಿಲ ಬಿಟ್ಟು ಮಾಡಿ. ಮುಗಿದ ಮೇಲೆ ಒದ್ದೆ ಮಾಡಿ, ಹಿಂಡದೆ, ಟವೆಲ್ಲಿನ ಮೇಲೆ ಹರಡಿ ಒಣಗಿಸಿ.

ಮೂರನೆಯದು, ಮಧ್ಯೆ ಏಳಬೇಕಾಗುವುದು. ಕುಕ್ಕರ್ ಕೂಗಲಿ, ಆಫೀಸಿನ ಮೀಟಿಂಗ್ ಬರಲಿ, ಆದಷ್ಟು ಬರುವ ಸಾಲು ಮುಗಿಸಿ ಏಳಿ. ಆಗ ಕಡ್ಡಿಯ ಮೇಲೆ ಒಂದೇ ಕುಣಿಕೆ ಇರುತ್ತದೆ, ಅದಕ್ಕೊಂದು ಸೇಫ್ಟಿ ಪಿನ್ ಹಾಕಿಟ್ಟರೆ ಯಾರು ಎಳೆದರೂ ಬಿಚ್ಚುವುದಿಲ್ಲ.

ಯಾರ ಭಾಷೆಯಲ್ಲಿ ಕಲಿಯುವುದು

ಹೋದ ತಿಂಗಳು ನಾವು ಏಳೆಂಟು ಜನ ಒಬ್ಬರ ಮನೆಯಲ್ಲಿ ಕೂತು ಇದನ್ನು ಅಭ್ಯಾಸ ಮಾಡಿದೆವು. ಎಲ್ಲರ ಮುಂದೆ ಇಂಗ್ಲಿಷಿನ ಮುದ್ರಿತ ಹಾಳೆ, ತುಂಬ ಮೂರಕ್ಷರದ ಸಂಕೇತಗಳು. ಆ ಮನೆಯ ಅಜ್ಜಿ ಧಾರವಾಡದ ಕಡೆಯವರು, ಮೊಮ್ಮಗಳನ್ನು ನೋಡಿಕೊಳ್ಳಲು ಪುಣೆಗೆ ಬಂದು ಆರು ವರ್ಷವಾಗಿದೆ. ಕರೆದರೆ, ‘ನನಗ ಈ ಇಂಗ್ಲಿಷ್ ಹೆಣಿಕಿ ಎಲ್ಲಿ ಬರತೈತಿ, ನೀವು ಮಾಡ್ರಿ’ ಎಂದು ಸೋಫಾದಲ್ಲೇ ಕೂತರು. ಹುಡುಗಿಯೊಬ್ಬಳ ವಿನ್ಯಾಸ ಎಲ್ಲೋ ಕೆಟ್ಟಿತ್ತು. ಹಾಳೆಯನ್ನು ಮೂರು ಸಲ ಓದಿದರೂ ಎಲ್ಲೆಂದು ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಕೈಚಾಚಿ ಬಟ್ಟೆ ತೆಗೆದುಕೊಂಡು, ಕನ್ನಡಕವನ್ನೂ ಹಾಕದೆ ಹೆಬ್ಬೆರಳು ಆಡಿಸಿದರು. ‘ಇಲ್ಲಿ ನೋಡ ತಂಗಿ, ಗಂಟಿನ ಮ್ಯಾಲ ಗಂಟು ಬಂದೈತಿ. ಮೂರು ಸಾಲು ಬಿಚ್ಚು’ ಎಂದರು. ಟುನೀಷಿಯನ್ ಎಂಬ ಹೆಸರನ್ನೇ ಅವರು ಕೇಳಿದ್ದು ಅವತ್ತು.

ಆ ಕೋಣೆಯಲ್ಲಿ ಬಟ್ಟೆಯನ್ನು ಓದಬಲ್ಲವರು ಅವರೊಬ್ಬರೇ. ಆದರೆ ತನಗೆ ಬರುವುದಿಲ್ಲ ಎಂದು ದೂರ ಕೂತಿದ್ದವರೂ ಅವರೇ. ಇದು ನನ್ನನ್ನು ಬಹಳ ದಿನ ಕಾಡಿತು. ಮಕ್ಕಳ ಕೆಲಸದ ಹಿಂದೆ ಈ ಊರಿಗೆ ಬಂದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಂಗಡಿಯಲ್ಲಿ ಮರಾಠಿ, ಸೊಸೆಯ ಫೋನಿನಲ್ಲಿ ಇಂಗ್ಲಿಷ್, ಮೊಮ್ಮಕ್ಕಳಿಗೆ ಹಿಂದಿ. ಅವರ ಕೈಯಲ್ಲಿರುವ ವಿದ್ಯೆಗೆ ಈ ಊರಿನಲ್ಲಿ ಮಾತೇ ಇಲ್ಲದಂತಾಗಿದೆ.

ನಮ್ಮ ಮರಾಠಿ ನೆರೆಯವರನ್ನು ನೋಡಿ. ಕ್ರೋಶಾಕ್ಕೆ ಅವರಲ್ಲಿ ಸ್ವಂತ ಪದಗಳಿವೆ: ಚೈನ್‌ಗೆ ‘ಸಾಖಳಿ’, ಉದ್ದ ಹೆಣಿಗೆಗೆ ‘ಖಾಂಬ’, ಗಿಡ್ಡದ್ದಕ್ಕೆ ‘ಮುಕಾ ಖಾಂಬ’, ಅಂದರೆ ಮೂಕ ಕಂಬ. ಸ್ವೆಟರಿಗೆ ‘ಸುಲಟ’, ‘ಉಲಟ’. ಅಜ್ಜಿ ಹೇಳಿದರೆ ಮೊಮ್ಮಗಳಿಗೆ ಅರ್ಥವಾಗುತ್ತದೆ. ನಮ್ಮಲ್ಲೂ ಸರಪಳಿ, ಕಂಬ, ಕುಣಿಕೆ, ಸೀದಾ, ಉಲ್ಟಾ ಎಂಬ ಮಾತುಗಳಿವೆ. ಬರೆದಿಡುವವರು ಕಡಿಮೆ, ಅಷ್ಟೆ. ಇವತ್ತು ನಾನು ಜೇನುಗೂಡನ್ನು ಒಂದೂ ಇಂಗ್ಲಿಷ್ ಸಂಕೇತ ಬಳಸದೆ ಹೇಳಲು ಪ್ರಯತ್ನಿಸಿದ್ದು ಇದಕ್ಕೇ. ಕಂಬಿ, ಗಂಟು, ಸಂದು, ಹೋಗುವ ಸಾಲು, ಬರುವ ಸಾಲು, ಇಷ್ಟರಲ್ಲೇ ಮುಗಿಯಿತಲ್ಲ?

ಕೈಕೆಲಸಕ್ಕೆ ಲೆಕ್ಕ

ಇನ್ನೊಂದು ಮಾತು. ಹೆಣಿಗೆಯನ್ನು ನಾವೇ ‘ಟೈಮ್‌ಪಾಸ್’ ಎನ್ನುತ್ತೇವೆ. ಲೆಕ್ಕ ಹಾಕೋಣ. 34 ಹೆಣಿಗೆ ಅಗಲ, 150 ಸಾಲು ಉದ್ದದ ಒಂದು ಮಫ್ಲರ್. ಪ್ರತಿ ಸಾಲಿಗೆ 33 ಸಲ ಎತ್ತುವುದು, 34 ಸಲ ಮುಗಿಸುವುದು. ಒಟ್ಟು 10,000ಕ್ಕೂ ಹೆಚ್ಚು ಸಲ ಕೊಕ್ಕೆ ಆಡುತ್ತದೆ. ಒಂದಕ್ಕೆ ಎರಡೇ ಸೆಕೆಂಡ್ ಹಿಡಿದರೂ ಐದೂವರೆ ಗಂಟೆಯ ಮೇಲೆ. ಹೊಸಬರಿಗೆ ಅದರ ದುಪ್ಪಟ್ಟು. ಸ್ವೆಟರ್ ಹೆಣಿಗೆಯ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಮಾಡಿದ್ದ. ಕ್ರೋಶಾಕ್ಕೆ ಮಾತ್ರ ಕಾರ್ಖಾನೆಗಳಲ್ಲಿ ಓಡುವ ಯಂತ್ರ ಇವತ್ತಿಗೂ ಇಲ್ಲ. ಅಂಗಡಿಯಲ್ಲಿ ಸಿಗುವ ನಿಜವಾದ ಕ್ರೋಶಾದ ಹಿಂದೆ ಯಾರೋ ಒಬ್ಬರ ಬೆರಳು ಇದ್ದೇ ಇರುತ್ತದೆ.

ಆಂಧ್ರದ ಗೋದಾವರಿ ಸೀಮೆಯ ನರಸಾಪುರದ ಕ್ರೋಶಾ ಲೇಸ್ ಬಗ್ಗೆ ಕೇಳಿರಬಹುದು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅಲ್ಲಿನ ಹೆಂಗಸರ ಕುರಿತು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ದಿನವೂ ಗಂಟೆಗಟ್ಟಲೆ ಹೆಣೆದು ಹೊರದೇಶದ ಮಾರುಕಟ್ಟೆಗೆ ಮಾಲು ಕೊಡುತ್ತಿದ್ದ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದು ಹೇಳಿ ಕೂಲಿ ಕಡಿಮೆ ಕೊಡಲಾಗುತ್ತಿತ್ತು ಎಂಬುದು ಆ ಪುಸ್ತಕದ ತಿರುಳು. ನಾವು ಯಾರೂ ರಫ್ತಿಗೆ ಹೆಣೆಯುವವರಲ್ಲ. ಆದರೂ ‘ಸುಮ್ನೆ ಕೂತಿರ್ತೀರಲ್ಲ, ನನಗೂ ಒಂದು ಮಾಡಿಕೊಡಿ’ ಎಂಬ ಮಾತು ಕೇಳದವರು ಇಲ್ಲಿ ಯಾರಿದ್ದಾರೆ? ಪ್ರೀತಿಯಿಂದ ಕೊಡಿ, ಖಂಡಿತ ಕೊಡಿ. ಕೊಡುವಾಗ ಎಷ್ಟು ಸಾಲು, ಎಷ್ಟು ಗಂಟೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಪಡೆದವರು ಅದನ್ನು ಒಗೆಯುವ ರೀತಿಯೇ ಬದಲಾಗುತ್ತದೆ.

ಒಂದು ಸಲಹೆ

ಚೆನ್ನೈಯಲ್ಲಿ 2016ರ ಜನವರಿ 31ರಂದು ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಗುಂಪಿನ ಹೆಂಗಸರು 11,000 ಚದರ ಮೀಟರಿಗೂ ದೊಡ್ಡದಾದ ಕ್ರೋಶಾ ಕಂಬಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ದೊಡ್ಡದನ್ನು ಯಾರೂ ಒಬ್ಬರೇ ಕೂತು ಹೆಣೆಯಲಿಲ್ಲ. ತಮ್ಮ ತಮ್ಮ ಮನೆಗಳಲ್ಲಿ ತುಂಡು ತುಂಡಾಗಿ ಮಾಡಿ, ಆಮೇಲೆ ಜೋಡಿಸಿದರು.

ನಮಗೆ ದಾಖಲೆ ಬೇಡ, ಒಂದು ಕಂಬಳಿ ಸಾಕು. ಈ ಚಳಿಗಾಲಕ್ಕೆ ಪ್ರತಿಯೊಬ್ಬರೂ 22 ಹೆಣಿಗೆಯ ಒಂದು ಜೇನುಗೂಡಿನ ಚೌಕ ಮಾಡೋಣ. ಅದು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಗಲ ಬರುತ್ತದೆ, ಅಗಲದಷ್ಟೇ ಉದ್ದವಾದಾಗ ಮುಗಿಸಿ. ಆದರೆ ಒಂದು ಷರತ್ತು. ಚೌಕವನ್ನು ಇಬ್ಬರು ಸೇರಿ ಮಾಡಬೇಕು, ಒಬ್ಬರು ಹಿರಿಯರು, ಒಬ್ಬರು ಕಿರಿಯರು. ಕಿರಿಯರು ಹೊಸದೊಂದು ಹೆಣಿಗೆಯನ್ನು ಹುಡುಕಿ ತರಲಿ, ಹಿರಿಯರು ಬಟ್ಟೆ ನೋಡಿ ಅದನ್ನು ಬಿಡಿಸಿ ಹೇಳಲಿ. ಹೇಳಿದ್ದನ್ನು ಕಿರಿಯರು ಕನ್ನಡದಲ್ಲಿ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಲಿ. ಧಾರವಾಡದವರು ‘ಮ್ಯಾಲ’ ಅಂದರೆ ಮ್ಯಾಲ, ಮಂಗಳೂರಿನವರು ‘ಮೇಲೆ’ ಅಂದರೆ ಮೇಲೆ. ಮುಂದಿನ ಸಂಚಿಕೆಯ ಹೊತ್ತಿಗೆ ಹತ್ತು ಹೆಣಿಗೆ ಕನ್ನಡದಲ್ಲಿ ಸೇರಿದರೂ ನಮ್ಮದೇ ಒಂದು ಪುಟ್ಟ ಕೈಪಿಡಿಯಾಗುತ್ತದೆ.

ಇವತ್ತು ಮನೆಗೆ ಹೋದವರೇ ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು 22 ಚೈನ್ ಹಾಕಿ. ಕಲಿಸುತ್ತೇನೆ ಎನ್ನಬೇಡಿ, ನೋಡಿ ಹೇಳಿ ಎನ್ನಿ.